ಜೆಲ್ ಇಟ್ಟು ಒಂದು ದಿನ ಆಯಿತು, ಇನ್ನೂ ನೋವೇ ಬಂದಿಲ್ಲ!

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ ಸುತ್ತ ಇವೆ: ಆಸ್ಪತ್ರೆಯಲ್ಲಿ ಔಷಧ ಕೊಟ್ಟು ಹೆರಿಗೆ ನೋವು ಬರಿಸುವುದು, ಅಂದರೆ ಇಂಡಕ್ಷನ್. ಹಾಗಾಗಿ ಉಳಿದ ಪತ್ರಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ.

ಪ್ರಶ್ನೆ: ನನಗಿದು ಮೊದಲ ಹೆರಿಗೆ. ಡೇಟ್ ಕಳೆದು ಐದು ದಿನ ಆಯಿತು, ನೋವಿನ ಸುಳಿವೇ ಇಲ್ಲ. ಮಗುವಿನ ಓಡಾಟ ಚೆನ್ನಾಗಿದೆ. ಸೋಮವಾರ ಅಡ್ಮಿಟ್ ಆಗಿ, ನೋವು ಬರಿಸೋಣ ಎಂದಿದ್ದಾರೆ ಡಾಕ್ಟರು. ಏನೇನು ಮಾಡುತ್ತಾರೆ ಎಂದು ಕೇಳಬೇಕೆಂದಿದ್ದೆ, ಹೊರಗೆ ಮೂವತ್ತು ಜನ ಕಾಯುತ್ತಿದ್ದರು, ಸಂಕೋಚವಾಗಿ ಎದ್ದು ಬಂದೆ. ತುಂಬಾ ನೋವಾಗುತ್ತದಾ? ಎಷ್ಟು ಹೊತ್ತು ಹಿಡಿಯುತ್ತದೆ?
ಹೆಸರು ಬೇಡ, ಕಾಪು

ಉತ್ತರ: ಈ ಸಂಚಿಕೆ ನಿಮ್ಮ ಕೈ ಸೇರುವಾಗ ಮಗು ತೊಟ್ಟಿಲಲ್ಲಿರುತ್ತದೆ, ಅಲ್ವಾ? ಆದರೂ ಬರೆಯುತ್ತೇನೆ. ಆ ದಿನ ಹೊರಗೆ ಕೂತಿದ್ದ ಮೂವತ್ತು ಜನರಲ್ಲಿ ಹಲವರಿಗೆ ಇದೇ ಪ್ರಶ್ನೆ ಇದ್ದಿರಬೇಕು.

ಮೊದಲು ಡೇಟ್ ವಿಷಯ. ತಾಯಿ ಕಾರ್ಡಿನಲ್ಲಿ ಬರೆದ ದಿನಕ್ಕೇ ಸರಿಯಾಗಿ ಹೆರುವವರು ನೂರರಲ್ಲಿ ಹೆಚ್ಚೆಂದರೆ ಐದು ಮಂದಿ. ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನ ಎಣಿಸಿ ಬರೆಯುವ ಡೇಟ್ ಅದು, 28 ದಿನಕ್ಕೊಮ್ಮೆ ಮುಟ್ಟಾಗುವವರಿಗೆ ಹೊಂದುವ ಲೆಕ್ಕ. ಮುಟ್ಟು ಹಿಂದೆ ಮುಂದೆ ಆಗುವವರಿಗೆ ಮೂರು ತಿಂಗಳೊಳಗೆ ಮಾಡಿಸಿದ ಸ್ಕ್ಯಾನಿನ ಡೇಟನ್ನೇ ನಂಬಬೇಕು. ಆ ಹಳೇ ರಿಪೋರ್ಟ್ ಎಸೆಯಬೇಡಿ, ಅಡ್ಮಿಟ್ ಆಗುವಾಗ ತನ್ನಿ. ಡೇಟ್ ಕಳೆದ ಮರುದಿನವೇ ಗಾಬರಿ ಬೀಳಬೇಕಿಲ್ಲ. ಆದರೆ 41 ವಾರ ತುಂಬಿದ ಮೇಲೆ ಮಾಸಿನ ಶಕ್ತಿ ಕುಂದಬಹುದು, ಮಗು ಹೊಟ್ಟೆಯಲ್ಲೇ ತೀರಿಕೊಳ್ಳುವ ಅಪಾಯ ಸಣ್ಣದಾದರೂ ಏರತೊಡಗುತ್ತದೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 41 ವಾರಕ್ಕೆ ನೋವು ಬರಿಸಿ ಎನ್ನುತ್ತದೆ. ಬಿಪಿ ಏರಿದವರಿಗೆ, ಶುಗರ್ ಇದ್ದವರಿಗೆ, ನೀರು ಹೋಗಿಯೂ ನೋವು ಬಾರದವರಿಗೆ, ಮಗುವಿನ ಬೆಳವಣಿಗೆ ನಿಂತವರಿಗೆ ಇನ್ನೂ ಮೊದಲೇ ಮಾಡಬೇಕಾಗಬಹುದು.

ಇನ್ನು ಒಳಗೆ ನಡೆಯುವುದು. ಗ್ಲೂಕೋಸ್ ಬಾಟಲಿ ನೇತು ಹಾಕುತ್ತಾರೆ, ಅದಕ್ಕೆ ಒಂದು ಇಂಜೆಕ್ಷನ್ ಸೇರಿಸುತ್ತಾರೆ, ಸಂಜೆಯೊಳಗೆ ಮಗು ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಇಲ್ಲಿ ಕೆಲಸ ಎರಡು. ಮೊದಲು ಗರ್ಭಕೋಶದ ಬಾಯಿ ಹಣ್ಣಾಗಬೇಕು, ಆಮೇಲೆ ನೋವು ಬರಬೇಕು. ನಿಮ್ಮ ಮೂಗಿನ ತುದಿ ಒತ್ತಿ ನೋಡಿ, ಹಣ್ಣಾಗದ ಬಾಯಿ ಅಷ್ಟು ಗಟ್ಟಿ. ತುಟಿ ಮುಟ್ಟಿ ನೋಡಿ, ಹಣ್ಣಾದದ್ದು ಅಷ್ಟು ಮೆತ್ತಗೆ. ಮೂಗು ತುಟಿಯಾಗಲು ಹೊತ್ತು ಬೇಕು ಮಾರಾಯ್ರೇ, ಅದೂ ಮೊದಲ ಹೆರಿಗೆಯಲ್ಲಿ.

ಅಡ್ಮಿಟ್ ಆದ ಮೇಲೆ ಬಿಪಿ, ರಕ್ತ ನೋಡುತ್ತಾರೆ. ಹೊಟ್ಟೆಗೆ ಬೆಲ್ಟ್ ಕಟ್ಟಿ ಸುಮಾರು 20 ನಿಮಿಷ ಮಗುವಿನ ಎದೆಬಡಿತ ದಾಖಲಿಸುತ್ತಾರೆ. ಆಮೇಲೆ ಒಳಗೆ ಕೈಯಿಟ್ಟು ಪರೀಕ್ಷೆ. ಬಾಯಿ ಎಷ್ಟು ತೆರೆದಿದೆ, ಎಷ್ಟು ತೆಳುವಾಗಿದೆ, ಮೆತ್ತಗಾಗಿದೆಯಾ, ಯಾವ ಕಡೆ ತಿರುಗಿದೆ, ಮಗುವಿನ ತಲೆ ಎಷ್ಟು ಕೆಳಗಿದೆ ಎಂದು ನೋಡಿ ಅಂಕ ಹಾಕುತ್ತಾರೆ. ಇದು ಬಿಷಪ್ ಸ್ಕೋರ್, 1964ರಲ್ಲಿ ಇದನ್ನು ಬರೆದ ಡಾಕ್ಟರ ಹೆಸರು ಬಿಷಪ್. (ಇಗರ್ಜಿಯ ಬಿಷಪ್ಪರಿಗೂ ಇದಕ್ಕೂ ಏನು ಸಂಬಂಧ ಎಂದು ಒಬ್ಬರು ನನ್ನನ್ನು ನಿಜವಾಗಿ ಕೇಳಿದ್ದರು.) ಅಂಕ 8 ದಾಟಿದ್ದರೆ ಅರ್ಧ ದಾರಿ ಬಂದ ಹಾಗೆ. 6 ಅಥವಾ ಕಡಿಮೆ ಇದ್ದರೆ ಮೊದಲು ಹಣ್ಣು ಮಾಡಬೇಕು.

ಹಣ್ಣು ಮಾಡಲು ಹೆಚ್ಚಾಗಿ ಬಳಸುವುದು ಜೆಲ್. ಫ್ರಿಜ್ಜಿನಲ್ಲಿಟ್ಟ ಸಣ್ಣ ಸಿರಿಂಜ್, ಸೂಜಿ ಇಲ್ಲ, ಗರ್ಭಕೋಶದ ಬಾಯಿಯ ಹತ್ತಿರ ಇಡುತ್ತಾರೆ. ಸ್ವಲ್ಪ ಹೊತ್ತು ಮಲಗಿರಬೇಕು, ಆಮೇಲೆ ಓಡಾಡಬಹುದು. ಆರು ಗಂಟೆಯ ನಂತರ ನೋಡಿ, ಬೇಕಿದ್ದರೆ ಇನ್ನೊಂದು ಇಡುತ್ತಾರೆ, 24 ಗಂಟೆಯಲ್ಲಿ ಮೂರಕ್ಕಿಂತ ಜಾಸ್ತಿ ಇಲ್ಲ. ಕೆಲವು ಕಡೆ 25 ಮೈಕ್ರೋಗ್ರಾಂನ ಪುಟ್ಟ ಮಾತ್ರೆ ಕೊಡುತ್ತಾರೆ. ಇನ್ನು ಕೆಲವು ಕಡೆ ಮೂತ್ರಕ್ಕೆ ಹಾಕುವಂಥದ್ದೇ ಟ್ಯೂಬನ್ನು ಗರ್ಭಕೋಶದ ಬಾಯಿಯೊಳಗೆ ದಾಟಿಸಿ, ತುದಿಯ ಬಲೂನಿಗೆ 30ರಿಂದ 60 ಎಂಎಲ್ ನೀರು ತುಂಬಿಸಿ ಬಿಡುತ್ತಾರೆ. ಬಾಯಿ ತೆರೆದ ಹಾಗೆ ಅದು ತಾನಾಗಿ ಜಾರಿ ಬೀಳುತ್ತದೆ. ಬಿದ್ದಾಗ ಹೆದರಬೇಡಿ, ಅದು ಒಳ್ಳೆ ಸುದ್ದಿ.

ಈ ಹಂತದಲ್ಲಿ ಮುಟ್ಟಿನ ನೋವಿನಂಥ ಸೆಳೆತ, ಸೊಂಟನೋವು ಬರಬಹುದು. ಬಾರದೆಯೂ ಇರಬಹುದು. ಡಾಕ್ಟರು ಬೇಡ ಎನ್ನದಿದ್ದರೆ ಗಂಜಿ, ಇಡ್ಲಿ, ಬೊಂಡದ ನೀರು ತೆಗೆದುಕೊಳ್ಳಿ, ನಿದ್ದೆ ಮಾಡಿ. ಮೊದಲ ದಿನ ಪೂರ್ತಿ ಹೀಗೇ ಕಳೆಯಬಹುದು, ಮನೆಯವರ ತಾಳ್ಮೆ ಹಾರುವುದೂ ಆಗಲೇ. ಪಕ್ಕದ ಬೆಡ್ಡಿನವಳಿಗೆ ಆಯಿತು, ನಿನಗೆ ಯಾಕೆ ಇಲ್ಲ ಎಂದು ಫೋನಿನ ಮೇಲೆ ಫೋನು. ಅವಳದ್ದು ಎರಡನೇ ಹೆರಿಗೆಯಾಗಿರುತ್ತದೆ, ಅದನ್ನು ಯಾರೂ ಹೇಳುವುದಿಲ್ಲ.

ಬಾಯಿ ಸ್ವಲ್ಪ ತೆರೆದು ತಲೆ ಕೆಳಗೆ ಕೂತ ಮೇಲೆ ನೀರಿನ ಚೀಲ ಒಡೆಯುತ್ತಾರೆ. ಕ್ರೋಶಾ ಕಡ್ಡಿಯ ಹಾಗಿನ ಕೊಕ್ಕೆ ನೋಡಿ ಹೆದರಿಕೆ ಆಗುತ್ತದೆ, ನಿಜಕ್ಕೂ ಒಳಪರೀಕ್ಷೆಗಿಂತ ಜಾಸ್ತಿ ನೋವಿಲ್ಲ, ಬಿಸಿ ನೀರು ಹರಿದ ಹಾಗೆ ಅನ್ನಿಸುತ್ತದೆ ಅಷ್ಟೇ. ಆಮೇಲೆ ಬರುವುದು ಡ್ರಿಪ್, ಆಗಲೇ ಹೇಳಿದ ಆ ಬಾಟಲಿ. ಅದರಲ್ಲಿರುವುದು ಆಕ್ಸಿಟೋಸಿನ್. ನಮ್ಮ ಮೈಯಲ್ಲೇ ಹುಟ್ಟುವ ಈ ಹಾರ್ಮೋನನ್ನು ಲ್ಯಾಬಿನಲ್ಲಿ ತಯಾರಿಸಿ ತೋರಿಸಿದ ವಿನ್ಸೆಂಟ್ ದು ವಿನ್ಯೂ ಅವರಿಗೆ 1955ರಲ್ಲಿ ನೊಬೆಲ್ ಬಂತು. ತೀರಾ ಸಣ್ಣ ಪ್ರಮಾಣದಲ್ಲಿ ಶುರು ಮಾಡಿ ಸುಮಾರು ಅರ್ಧ ಗಂಟೆಗೊಮ್ಮೆ ಏರಿಸುತ್ತಾರೆ. ಹತ್ತು ನಿಮಿಷಕ್ಕೆ ಮೂರು ನಾಲ್ಕು ಒಳ್ಳೆ ನೋವು ಬಂದರೆ ಸಾಕು. ಐದಕ್ಕಿಂತ ಜಾಸ್ತಿಯಾದರೆ ಮಗುವಿಗೆ ಉಸಿರಾಡಲು ಬಿಡುವು ಸಿಗದ ಹಾಗೆ ಆಗುತ್ತದೆ, ಆಗ ಡ್ರಿಪ್ ಇಳಿಸುತ್ತಾರೆ ಅಥವಾ ನಿಲ್ಲಿಸುತ್ತಾರೆ, ಸ್ವಲ್ಪ ಹೊತ್ತಿನಲ್ಲೇ ಸೆಳೆತ ಸಡಿಲಾಗುತ್ತದೆ. ಬೆಲ್ಟ್ ಬಿಚ್ಚದೆ ಮಗುವಿನ ಎದೆಬಡಿತ ನೋಡುತ್ತಾ ಇರುವುದು ಇದಕ್ಕೇ, ಕಿರಿಕಿರಿಯಾದರೂ ಕಿತ್ತು ಹಾಕಬೇಡಿ.

ನೋವು ಜಾಸ್ತಿಯಾ? ಡ್ರಿಪ್ಪಿನ ನೋವು ಜೋರು ಎಂದೇ ತುಂಬಾ ಜನ ಹೇಳುತ್ತಾರೆ, ನಾನು ಅದನ್ನು ಅಲ್ಲಗಳೆಯುವುದಿಲ್ಲ. ತಾನಾಗಿ ಬರುವ ನೋವು ನಿಧಾನಕ್ಕೆ ಮೈಗೆ ಒಗ್ಗಿಸಿಕೊಂಡು ಏರುತ್ತದೆ, ಇಲ್ಲಿ ಆ ಅವಕಾಶ ಕಡಿಮೆ. ನಿಮ್ಮ ಆಸ್ಪತ್ರೆಯಲ್ಲಿ ಎಪಿಡ್ಯೂರಲ್ (ನೋವು ಕಡಿಮೆ ಮಾಡಲು ಬೆನ್ನಿಗೆ ಕೊಡುವ ಔಷಧ) ಸಿಗುತ್ತದಾ, ರಾತ್ರಿಯೂ ಸಿಗುತ್ತದಾ, ಎಷ್ಟು ಖರ್ಚು ಎಂದು ಅಡ್ಮಿಟ್ ಆಗುವ ಮೊದಲೇ ಕೇಳಿ. ಕೇಳಲು ಸಂಕೋಚ ಬೇಡ, ಹೊರಗೆ ಮೂವತ್ತಲ್ಲ ಮುನ್ನೂರು ಜನ ಕಾಯುತ್ತಿರಲಿ. ಜೆಲ್ಲಿನಿಂದ ಮಗು ಕೈಗೆ ಬರುವ ತನಕ ಒಂದೂವರೆ ದಿನ, ಎರಡು ದಿನ ಹಿಡಿದರೆ ಅದು ಸಾಮಾನ್ಯ. ಆದರೆ ಅಡ್ಮಿಟ್ ಆಗುವ ಮೊದಲೇ ಮಗುವಿನ ಓಡಾಟ ಕಡಿಮೆಯಾದರೆ, ರಕ್ತ ಹೋದರೆ, ಹಸಿರು ಬಣ್ಣದ ನೀರು ಹೋದರೆ ಸೋಮವಾರಕ್ಕೆ ಕಾಯಬಾರದು, ಆ ಕ್ಷಣವೇ ಹೊರಡಬೇಕು.

ಪ್ರಶ್ನೆ: ನನ್ನ ಹೆಂಡತಿಗೆ ಜೆಲ್ ಇಟ್ಟು ಒಂದು ದಿನ ಕಳೆದರೂ ನೋವು ಬರಲಿಲ್ಲ. ಎರಡನೇ ದಿನ ನೀರು ಒಡೆದು ಡ್ರಿಪ್ ಹಾಕಿದರು, ರಾತ್ರಿ ಸಿಸೇರಿಯನ್ ಆಯಿತು. ಇಂಡಕ್ಷನ್ ಮಾಡಿಸಿದ್ದಕ್ಕೇ ಆಪರೇಷನ್ ಆಯಿತು, ಸುಮ್ನೆ ಕಾಯಬೇಕಿತ್ತು ಎಂದು ಅಮ್ಮ ದಿನಾ ಹೇಳುತ್ತಾರೆ. ನಿಜವಾ?
ಓದುಗ, ಸುರತ್ಕಲ್

ಉತ್ತರ: ಅಮ್ಮ ಹೇಳುವುದನ್ನು ಮೊದಲು ಡಾಕ್ಟರುಗಳೂ ನಂಬಿದ್ದರು. 2018ರಲ್ಲಿ ಅಮೆರಿಕದಲ್ಲಿ ಆರು ಸಾವಿರಕ್ಕೂ ಹೆಚ್ಚು ಚೊಚ್ಚಲ ಗರ್ಭಿಣಿಯರ ಅಧ್ಯಯನ ಹೊರಬಂತು, ಎಲ್ಲರೂ ಬೇರೆ ತೊಂದರೆ ಇಲ್ಲದವರು. 39ನೇ ವಾರದಲ್ಲಿ ನೋವು ಬರಿಸಿದವರಲ್ಲಿ 18.6 ಶೇಕಡಾ, ಕಾದವರಲ್ಲಿ 22.2 ಶೇಕಡಾ ಸಿಸೇರಿಯನ್ ಆಗಿತ್ತು. ಹಾಗಂತ ಎಲ್ಲರಿಗೂ 39 ವಾರಕ್ಕೇ ನೋವು ಬರಿಸಬೇಕು ಎಂದು ನಾನು ಹೇಳುವುದಿಲ್ಲ. ಇಂಡಕ್ಷನ್ ಎಂದರೆ ಆಪರೇಷನ್ ಗ್ಯಾರಂಟಿ ಎಂಬ ಮಾತಿಗೆ ಆಧಾರ ಇಲ್ಲ, ಅಷ್ಟೇ.

ಕಾಯುವುದಕ್ಕೂ ಒಂದು ಲೆಕ್ಕ ಇದೆ. ನೀರು ಒಡೆದು ಡ್ರಿಪ್ ಹಾಕಿದ ಮೇಲೆ, ತಾಯಿ ಮಗು ಇಬ್ಬರೂ ಚೆನ್ನಾಗಿದ್ದರೆ, 12ರಿಂದ 18 ಗಂಟೆ ನೋಡಿಯೇ ಇಂಡಕ್ಷನ್ ಫಲಿಸಲಿಲ್ಲ ಎನ್ನಬೇಕು. ಜೆಲ್ ಇಟ್ಟ ದಿನ ಈ ಲೆಕ್ಕಕ್ಕೆ ಸೇರುವುದೇ ಇಲ್ಲ. ಆದರೆ ಎದೆಬಡಿತ ಇಳಿದರೆ ಗಂಟೆ ಎಣಿಸುತ್ತಾ ಕೂರಲಾಗುವುದಿಲ್ಲ. ನಿಮ್ಮಲ್ಲಿ ಯಾವುದು ಆಯಿತು ಎಂಬುದು ಡಿಸ್ಚಾರ್ಜ್ ಸಮ್ಮರಿಯಲ್ಲಿ ಒಂದು ಸಾಲಿನಲ್ಲಿ ಇರುತ್ತದೆ. ಅದನ್ನು ಓದಿ, ಅರ್ಥವಾಗದಿದ್ದರೆ ಡಾಕ್ಟರ ಹತ್ತಿರ ಕೇಳಿ, ಲ್ಯಾಮಿನೇಟ್ ಮಾಡಿಸಿ ಇಡಿ. ಮುಂದಿನ ಹೆರಿಗೆಗೆ ಆ ಸಾಲು ಬೇಕು. ಮತ್ತೆ, ಬಾಣಂತಿಯ ಕಿವಿಗೆ ಬೀಳುವ ಹಾಗೆ ದಿನಾ ಈ ಮಾತು ಬೇಡ ಎಂದು ಅಮ್ಮನಿಗೆ ನೀವೇ ಹೇಳಬೇಕು.

ಪ್ರಶ್ನೆ: ಮಗಳಿಗೆ ಆಗಸ್ಟ್ 5ರ ಡೇಟ್. ಆಟಿ (ನಮ್ಮ ತುಳು ತಿಂಗಳು, ಶುಭಕಾರ್ಯಕ್ಕೆ ಆಗದು) ಶುರುವಾಗುವ ಮೊದಲು ಒಳ್ಳೆ ನಕ್ಷತ್ರ ನೋಡಿ ನೋವು ಬರಿಸಬಹುದಾ? ಇಲ್ಲವಾದರೆ ಅದರ ಮುಂದಿನ ತಿಂಗಳು ಸೋಣ ಬರುವ ತನಕ ಕಾಯಬಹುದಾ? ನಮ್ಮ ಕಾಲದಲ್ಲಿ ಹರಳೆಣ್ಣೆ ಕುಡಿಸುತ್ತಿದ್ದರು.
ಒಬ್ಬ ತಾಯಿ, ಕಾರ್ಕಳ

ಉತ್ತರ: ಅಮ್ಮ, ನೀವೇ ಲೆಕ್ಕ ಹಾಕಿ. ಆಟಿ ಶುರುವಾಗುವುದು ಜುಲೈ 17ರ ಸುಮಾರಿಗೆ, ಅದಕ್ಕಿಂತ ಮೊದಲು ಎಂದರೆ 37 ವಾರ. ಕಾರಣವಿಲ್ಲದೆ ಅಷ್ಟು ಬೇಗ ಎಳೆದು ತಂದ ಮಗುವಿಗೆ ಉಸಿರಾಟದ ತೊಂದರೆ, ಹಾಲು ಕುಡಿಯುವ ತೊಂದರೆ ಬರಬಹುದು. ಸೋಣ ಬರುವುದು ಆಗಸ್ಟ್ 17ರ ಸುಮಾರಿಗೆ, ಆಗ 41 ವಾರ ದಾಟಿ ಐದು ದಿನ ಆಗಿರುತ್ತದೆ. ಎರಡೂ ಬೇಡ. ನಕ್ಷತ್ರ ದಿನಕ್ಕೊಂದು ಬದಲಾಗುತ್ತದೆ, ಇಂಡಕ್ಷನ್ ಎರಡು ದಿನ ಹಿಡಿಯುತ್ತದೆ. ಜೆಲ್ ರೋಹಿಣಿಯಲ್ಲಿ ಇಡಬಹುದು, ಮಗು ಆರ್ದ್ರೆಯಲ್ಲಿ ಹುಟ್ಟಿದರೆ ನನ್ನನ್ನು ಬೈಯಬಾರದು.

ಹರಳೆಣ್ಣೆ ಖಂಡಿತ ಬೇಡ. ವಾಂತಿ, ಭೇದಿಯಾಗಿ ಮೈಯ ನೀರೆಲ್ಲ ಹೋಗಿ ಸುಸ್ತಾದ ಹುಡುಗಿ ಆಮೇಲೆ ಹೆರುವುದು ಹೇಗೆ? ಜೀರಿಗೆ ಕಷಾಯ ಮಾಡಿ ಕೊಡಿ, ಅದಕ್ಕೆ ನನ್ನ ತಕರಾರಿಲ್ಲ.

ಪ್ರಶ್ನೆ: ಮೊದಲನೆಯದು ಸಿಸೇರಿಯನ್. ಈ ಸಲ ನಾರ್ಮಲ್ ಆಗಬೇಕೆಂದು ಆಸೆ. ನನಗೂ ಜೆಲ್, ಮಾತ್ರೆ ಕೊಡಬಹುದಾ?
ಓದುಗಿ, ಕುಂದಾಪುರ

ಉತ್ತರ: ಮಾತ್ರೆ ಬೇಡವೇ ಬೇಡ, ಹಳೇ ಹೊಲಿಗೆಯ ಜಾಗದಲ್ಲಿ ಗರ್ಭಕೋಶ ಬಿರಿಯುವ ಅಪಾಯ ಇದೆ. ಜೆಲ್ಲಿಗೂ ಹೆಚ್ಚಿನ ಡಾಕ್ಟರು ಹಿಂದೆ ಸರಿಯುತ್ತಾರೆ. ಬಲೂನ್ ಟ್ಯೂಬ್, ತುಂಬಾ ಜಾಗ್ರತೆಯಿಂದ ಡ್ರಿಪ್ ಕೆಲವರಿಗೆ ಹೊಂದುತ್ತದೆ, ಹಳೇ ಆಪರೇಷನ್ನಿನ ಕಾಗದ ನೋಡಿಯೇ ಅದನ್ನು ನಿರ್ಧರಿಸುತ್ತಾರೆ. ಒಂದು ವಿಷಯಕ್ಕೆ ಮಾತ್ರ ರಾಜಿ ಬೇಡ: ರಾತ್ರಿ ಎರಡು ಗಂಟೆಗೂ ಆಪರೇಷನ್ ಥಿಯೇಟರ್, ಅರಿವಳಿಕೆ ಡಾಕ್ಟರು, ರಕ್ತ ಮೂರೂ ಸಿಗುವ ಆಸ್ಪತ್ರೆಯಲ್ಲೇ ಪ್ರಯತ್ನಿಸಿ. ಮಣಿಪಾಲಕ್ಕೋ ಮಂಗಳೂರಿಗೋ ಹೋಗುವುದಾದರೆ ನೋವು ಶುರುವಾದ ಮೇಲೆ ಮಳೆಯಲ್ಲಿ ಹೆದ್ದಾರಿ ಹಿಡಿಯಬೇಡಿ, ನಾಲ್ಕು ದಿನ ಮೊದಲೇ ಹತ್ತಿರದಲ್ಲಿ ನೆಂಟರ ಮನೆ ನೋಡಿಕೊಳ್ಳಿ.