ದಾವಣಗೆರೆಯ ಪಿನ್ ಕೋಡ್ 577001 ಅವಿಭಾಜ್ಯ ಸಂಖ್ಯೆಯಾ?

ಅಲ್ಲ. 577001 ಅಂದರೆ 23 × 25087. ಬಾಯಿಲೆಕ್ಕದಲ್ಲೇ ತಾಳೆ ನೋಡಬಹುದು: 23 × 25000 = 575000, 23 × 87 = 2001. ಎರಡನ್ನೂ ಕೂಡಿಸಿದರೆ ನಮ್ಮ ಪಿನ್.

ನೋಡೋಕೆ ಮಾತ್ರ ಅವಿಭಾಜ್ಯದ ಹಾಗೇ ಇದೆ, ಅಲ್ವಾ? ಅವಿಭಾಜ್ಯ ಅಂದರೆ 1 ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗದ್ದು. ಕೊನೆಗೆ 1 ಇರೋದರಿಂದ 2, 5 ಹೋದವು. ಅಂಕಿಗಳ ಮೊತ್ತ 20, ಹಾಗಾಗಿ 3 ಕೂಡ ಇಲ್ಲ. 7, 11, 13, 17, 19ಕ್ಕೂ ಬಗ್ಗಲ್ಲ. 23ಕ್ಕೆ ಸಿಕ್ಕಿಬೀಳುತ್ತದೆ.

ಇನ್ನು 25087 ಒಡೆಯುತ್ತದಾ? ಇಲ್ಲ, ಅದು ಅವಿಭಾಜ್ಯ. ಇದನ್ನು ತಿಳಿಯಲು ಸುಮ್ನೆ 25 ಸಾವಿರದವರೆಗೆ ಭಾಗಿಸುತ್ತಾ ಕೂರಬೇಕಿಲ್ಲ, 158ರವರೆಗೆ ನೋಡಿದರೆ ಸಾಕು. ಯಾಕೆಂದರೆ 159 × 159 ಆಗಲೇ 25281, ಅಂದರೆ ಜಾಸ್ತಿಯಾಯಿತು. ಎರಡು ಸಂಖ್ಯೆ ಗುಣಿಸಿ 25087 ಬರಬೇಕಾದರೆ ಅವುಗಳಲ್ಲಿ ಒಂದಾದರೂ 158ರೊಳಗೆ ಇರಲೇಬೇಕು. 23ಕ್ಕಿಂತ ಚಿಕ್ಕವು ಮೊದಲೇ ಹೋದವು: 25087 ಅನ್ನು ಭಾಗಿಸುವುದು 577001 ಅನ್ನೂ ಭಾಗಿಸಲೇಬೇಕಲ್ಲ. ಉಳಿದದ್ದು 23ರಿಂದ 157ರವರೆಗಿನ 29 ಅವಿಭಾಜ್ಯಗಳು, ಒಂದರಿಂದಲೂ ಭಾಗವಾಗಲ್ಲ. ಭಾನುವಾರ ಬೆಳಗ್ಗೆ ಬೆಣ್ಣೆದೋಸೆಗೆ ಕಾಯುವಷ್ಟು ಹೊತ್ತಿನ ಕೆಲಸ ಅಷ್ಟೇ.