ರಕ್ತ ವಾಪಸ್ ಬಂದಾಗ ಲಿವರ್‌ಗೆ ಪೆಟ್ಟು ಯಾಕೆ?

ಪ್ರಶ್ನೆ: ಸರ್, ನಮ್ಮಣ್ಣಂಗೆ ಲಿವರ್‌ನಲ್ಲಿ ಗೆಡ್ಡೆ, ಮುಂದಿನ ತಿಂಗಳು ಆಪರೇಷನ್. ಕುಯ್ಯುವಾಗ ಲಿವರ್‌ಗೆ ಹೋಗೋ ರಕ್ತ ನಿಲ್ಸಿ ಬಿಟ್ಟು, ನಿಲ್ಸಿ ಬಿಟ್ಟು ಮಾಡ್ತೀವಿ, ಮತ್ತೆ ಹರಿದಾಗ ಸ್ವಲ್ಪ ಡ್ಯಾಮೇಜ್ ಆಗ್ಬಹುದು ಅಂದ್ರು ಸರ್ಜನ್. ನಿಂತಾಗ ಆಗತ್ತೆ ಅಂದ್ರೆ ಒಪ್ಪಬಹುದು, ವಾಪಸ್ ಬಂದಾಗ ಯಾಕೆ? ಅಣ್ಣಂಗೆ ಶುಗರ್, ಫ್ಯಾಟಿ ಲಿವರ್ ಎರಡೂ ಇದೆ. ಪರಿಚಯದವರು ಲಿವರ್‌ಗೆ ಒಳ್ಳೇದು ಅಂತ ಒಂದು ಚೂರ್ಣ ಕೊಟ್ಟಿದಾರೆ, ಕೊಡ್ಲಾ?
– ದಾವಣಗೆರೆ ಓದುಗರು

ಉತ್ತರ: ಚೂರ್ಣ ಕೊಡ್ಬೇಡಿ. ಒಳಗೆ ಏನಿದೆ ಅಂತ ಗೊತ್ತಿಲ್ಲದ ಪುಡಿ ತಿಂದು ಲಿವರ್ ಕೆಡಿಸ್ಕೊಂಡು ಬರೋರನ್ನ ನೋಡ್ತಾನೇ ಇರ್ತೀವಿ. ಈಗಾಗ್ಲೇ ಕೊಟ್ಟಿದ್ರೆ ಮುಚ್ಚಿಡದೆ ಡಬ್ಬಿ ಸಮೇತ ಸರ್ಜನ್‌ಗೆ ತೋರ್ಸಿ.

ಲಿವರ್‌ಗೆ ಮುಕ್ಕಾಲು ಪಾಲು ರಕ್ತ ಕರುಳಿನ ಕಡೆಯಿಂದ ಪೋರ್ಟಲ್ ವೇನ್‌ನಲ್ಲಿ ಬರತ್ತೆ, ಉಳಿದಿದ್ದು ಅಪಧಮನಿಯಿಂದ. ಎರಡೂ ಪಿತ್ತನಾಳದ ಜೊತೆ ಲಿವರ್ ಕೆಳಗೆ ಒಂದೇ ಕಟ್ಟಾಗಿ ಹೋಗ್ತವೆ, ಸರ್ಜನ್ ಅದರ ಸುತ್ತ ಒಂದು ಟೇಪ್ ಹಾಕಿ ಬಿಗಿತಾರೆ, ಬಿಗಿದ ಕೂಡ್ಲೇ ಲಿವರ್ ಬಣ್ಣ ಮಂಕಾಗತ್ತೆ. 1908ರಲ್ಲಿ ಪ್ರಿಂಗಲ್ ಅನ್ನೋ ಸರ್ಜನ್ ಬರೆದಿಟ್ಟ ವಿಧಾನ ಇದು. ಸಾಮಾನ್ಯವಾಗಿ 15 ನಿಮಿಷ ಬಿಗಿದು 5 ನಿಮಿಷ ಬಿಡ್ತಾರೆ, ಥಿಯೇಟರ್‌ನಲ್ಲಿ ಒಬ್ರು ಗಡಿಯಾರ ನೋಡ್ತಾ ಟೈಮ್ ಕೂಗ್ತಿರ್ತಾರೆ.

ರಕ್ತ ನಿಂತಾಗ ಆಕ್ಸಿಜನ್ ಇಲ್ಲದೆ ಜೀವಕೋಶದ ಶಕ್ತಿ ಖಾಲಿ ಆಗ್ತಾ ಹೋಗತ್ತೆ, ಕೋಶಕ್ಕೆ ಶಕ್ತಿ ತಯಾರಿಸೋ ಮೈಟೊಕಾಂಡ್ರಿಯಾದಲ್ಲಿ ಸಕ್ಸಿನೇಟ್ ಅನ್ನೋ ವಸ್ತು ಶೇಖರಣೆ ಆಗತ್ತೆ. ಟೇಪ್ ಬಿಟ್ಟಾಗ ಆಕ್ಸಿಜನ್ ಒಮ್ಮೆಲೇ ನುಗ್ಗತ್ತೆ, ಕೂಡಿಟ್ಟಿದ್ದೆಲ್ಲ ಒಂದೇ ಸಲ ಉರಿಯತ್ತೆ, ಆಗ ಹುಟ್ಟೋ ಫ್ರೀ ರಾಡಿಕಲ್ಸ್ (ಸಿಕ್ಕಿದ್ದಕ್ಕೆಲ್ಲ ಅಂಟಿ ಕೆಡಿಸೋ ಕಣಗಳು) ಕೋಶದ ಪೊರೆನೇ ಹಾಳು ಮಾಡ್ತವೆ, ಅಷ್ಟಕ್ಕೇ ನಿಲ್ಲದೆ ಲಿವರ್ ಒಳಗೆ ಕಾವಲು ಕಾಯೋ ಕುಪ್ಫರ್ ಕೋಶಗಳು ಕೆರಳಿ ಬಿಳಿ ರಕ್ತಕಣಗಳನ್ನ ಕರೆಸ್ಕೊತವೆ, ಸಣ್ಣ ರಕ್ತನಾಳದ ಒಳಪದರ ಊದ್ಕೊಳತ್ತೆ, ಹೀಗೆ ಗಂಟೆಗಟ್ಟಲೆ ನಡೆಯತ್ತೆ. ಅದಕ್ಕೇ ಮಾರನೇ ದಿನ ರಕ್ತ ಪರೀಕ್ಷೆಲಿ ಎಸ್‌ಜಿಪಿಟಿ (ಲಿವರ್ ಕೋಶಕ್ಕೆ ಪೆಟ್ಟಾದ್ರೆ ಹೊರಗೆ ಸೋರೋ ಕಿಣ್ವ) ತುಂಬಾ ಏರಿರತ್ತೆ. ಆ ಒಂದು ನಂಬರ್ ನೋಡಿ ಗಾಬರಿ ಬೇಡ, ಎರಡ್ಮೂರು ದಿನದಲ್ಲಿ ಇಳಿಯೋಕೆ ಶುರುವಾಗಿ ಐಎನ್‌ಆರ್ (ರಕ್ತ ಹೆಪ್ಪುಗಟ್ಟೋದನ್ನ ಅಳೆಯೋ ಪರೀಕ್ಷೆ), ಬಿಲಿರುಬಿನ್ (ಕಾಮಾಲೆಲಿ ಏರೋ ಹಳದಿ ವಸ್ತು) ಸರಿಯಾಗ್ತಾ ಇದ್ರೆ ಲಿವರ್ ಚೇತರಿಸ್ಕೊತಿದೆ ಅಂತ.

ಇದನ್ನ ತಡೆಯೋಕೆ ಎಲ್ರೂ ಒಪ್ಪಿರೋ ಮಾತ್ರೆ ಇಲ್ಲ. ಎನ್-ಅಸಿಟೈಲ್‌ಸಿಸ್ಟೀನ್ ಅನ್ನೋ ಔಷಧಿ, ಸ್ಟೆರಾಯ್ಡ್ ಟ್ರೈ ಮಾಡಿದಾರೆ, ಫಲಿತಾಂಶ ಒಂದೇ ಥರ ಇಲ್ಲ. ನಿಜವಾದ ರಕ್ಷಣೆ ರಕ್ತ ನಿಲ್ಸೋ ಟೈಮ್ ಕಡಿಮೆ ಇಡೋದ್ರಲ್ಲಿದೆ, ಮತ್ತೆ ಲಿವರ್ ಆಪರೇಷನ್‌ಗೆ ಯಾವ ಸ್ಥಿತಿಯಲ್ಲಿ ಹೋಗತ್ತೆ ಅನ್ನೋದ್ರಲ್ಲಿದೆ. ಕೊಬ್ಬು ತುಂಬಿದ ಕೋಶ ಊದಿರತ್ತೆ, ರಕ್ತ ಹರಿಯೋ ಜಾಗ ಮೊದ್ಲೇ ಕಿರಿದು, ಹಾಗಾಗಿ ಪೆಟ್ಟು ಜಾಸ್ತಿ. ನಿಮಗಿರೋ ಈ ಒಂದು ತಿಂಗಳು ದಯವಿಟ್ಟು ವೇಸ್ಟ್ ಮಾಡ್ಬೇಡಿ. ಕುಡಿಯೋ ಅಭ್ಯಾಸ ಇದ್ರೆ ಪೂರ್ತಿ ಬಂದ್. ಎರಡ್ಮೂರು ವಾರ ಕ್ಯಾಲೊರಿ ಸರಿಯಾಗಿ ಇಳಿಸಿದ್ರೂ ಲಿವರ್ ಕೊಬ್ಬು ಕರಗತ್ತೆ, ಆದ್ರೆ ಗೆಡ್ಡೆ ಇರೋರು ಉಪವಾಸ ಬೀಳೋ ಹಾಗಿಲ್ಲ, ಪ್ರೋಟೀನ್ ಬೇಕು, ಶುಗರ್ ಔಷಧಿ ಡೋಸ್ ಕೂಡ ಬದಲಾಗ್ಬಹುದು, ಆದ್ದರಿಂದ ಸರ್ಜನ್ ಮತ್ತು ಡಯಟಿಷಿಯನ್‌ನ ಕೇಳ್ದೆ ಶುರು ಮಾಡ್ಬೇಡಿ.

ಪ್ರಶ್ನೆ: ಕಸಿ ಮಾಡೋ ಲಿವರ್‌ನ ಐಸ್ ಬಾಕ್ಸಲ್ಲಿ ತರ್ತಾರಲ್ಲ, ಅದಕ್ಕೂ ಇದೇ ತೊಂದ್ರೆನಾ?
– ಹುಬ್ಬಳ್ಳಿ ಓದುಗರು

ಉತ್ತರ: ಹೌದು, ಅಲ್ಲಿ ರಕ್ತ ಇಲ್ಲದೆ ಇರೋದು ಗಂಟೆಗಳ ಲೆಕ್ಕದಲ್ಲಿ. ಈಗ ಕೆಲವು ಕಡೆ ಮಷೀನ್‌ನಲ್ಲಿ ಆಕ್ಸಿಜನ್ ಸೇರಿಸಿದ ತಣ್ಣನೆ ದ್ರಾವಣ ಹರಿಸ್ತಾರೆ, ಕೂಡಿದ ಸಕ್ಸಿನೇಟ್ ಬಿಸಿ ರಕ್ತ ಬರೋ ಮೊದ್ಲೇ ನಿಧಾನಕ್ಕೆ ಖರ್ಚಾಗತ್ತೆ. ಹೃದಯ ನಿಂತ ಮೇಲೆ ತೆಗೆದ ಲಿವರ್‌ಗಳ ಮೇಲೆ ಯುರೋಪ್‌ನಲ್ಲಿ ನಡೆದು 2021ರಲ್ಲಿ ಪ್ರಕಟವಾದ ಟ್ರಯಲ್‌ನಲ್ಲಿ, ಪಿತ್ತನಾಳ ಕಿರಿದಾಗೋ ತೊಂದ್ರೆ ಶೇ 18ರಿಂದ ಶೇ 6ಕ್ಕೆ ಇಳೀತು.