ಮ್ಯೂನಿಕ್‌ನಿಂದ ಗಾರ್ಮಿಶ್, ಅಪ್ಪ-ಅಮ್ಮನ ಜೊತೆ ಒಂದೇ ದಿನ

ಜುಲೈನ ಒಂದು ಮಂಗಳವಾರ ಅಪ್ಪ-ಅಮ್ಮನ ಜೊತೆ 8:30ರ ರೈಲಿಗೆ ಗಾರ್ಮಿಶ್‌ಗೆ ಹೋಗಿಬರೋಣ ಅಂತಿದ್ದೀರಿ, ಕಳೆದ ಸಲ ಬೆಟ್ಟದ ಮೇಲೆ ಏನೂ ಕಾಣಲಿಲ್ಲ, ಈ ಸಲ ಹೇಗೆ ಅಂತ ಕೇಳಿದ್ದೀರಿ. ಜರ್ಮನಿಯ ಅತಿ ಎತ್ತರದ ಬೆಟ್ಟ ತ್ಸುಗ್‌ಶ್ಪಿಟ್ಸೆಯ ತುದಿಯಲ್ಲಿ ಆಗ ಬರೀ ಮೋಡ ಸಿಕ್ಕಿದ್ದು ಬಹುಶಃ ನೀವು ಊರಿನ ಹವಾಮಾನ ನೋಡಿ ಹೊರಟಿದ್ದರಿಂದ. ಬೆಟ್ಟದ ಬುಡದ ಊರು ಗಾರ್ಮಿಶ್ ಇರೋದು ಸುಮಾರು 700 ಮೀಟರ್ ಎತ್ತರದಲ್ಲಿ, ತುದಿ 2962ರಲ್ಲಿ. ಕೆಳಗೆ ಬಿಸಿಲಿದ್ದರೂ ಮೇಲೆ ಏನೂ ಕಾಣದೇ ಇರಬಹುದು. ಬೆಟ್ಟದ ಟಿಕೆಟ್ ಮುಂಚೆಯೇ ತಗೋಬೇಡಿ. ಬೆಳಗ್ಗೆ ಎದ್ದ ತಕ್ಷಣ ತುದಿಯ ವೆಬ್‌ಕ್ಯಾಮ್ ನೋಡಿ, ಗಾರ್ಮಿಶ್‌ನಲ್ಲಿ ಇಳಿದ ಮೇಲೆ ಇನ್ನೊಮ್ಮೆ ನೋಡಿ. ಆಮೇಲೂ ಮೋಡ ಕವಿಯಬಹುದು, ಅದಕ್ಕೆ ಯಾರೂ ಗ್ಯಾರಂಟಿ ಕೊಡಲ್ಲ.

ನೀವು ಹೇಳಿದ ಮಂಗಳವಾರಕ್ಕೆ ಬೈಯರ್ನ್ ಟಿಕೆಟ್ (ಬವೇರಿಯಾ ರಾಜ್ಯದೊಳಗೆ ಒಂದು ದಿನ ಓಡಾಡುವ ರೈಲು ಟಿಕೆಟ್) ಒಂದು ಸಾಕು, ಮೂವರಿಗೂ ಸೇರಿಸಿ ತಗೊಳ್ಳಿ. ಆದರೆ ವಾರದ ದಿನ ಅದು ಬೆಳಗ್ಗೆ 9ಕ್ಕೆ ಶುರು. ನೀವು ಅಂದುಕೊಂಡಿರುವ 8:30ರ ರೈಲು ಹತ್ತಿದರೆ ದಂಡ ಗ್ಯಾರಂಟಿ! ಎಲ್ಲರ ಹೆಸರೂ ಟಿಕೆಟ್ ಮೇಲಿರಲಿ, ರೀಜನಲ್ ರೈಲನ್ನೇ (ಸ್ಥಳೀಯ ರೈಲು) ಹತ್ತಿ. ಬೆಟ್ಟದ ರೈಲಿಗೂ ಕೇಬಲ್ ಕಾರಿಗೂ ಇದು ನಡೆಯಲ್ಲ, ಅದಕ್ಕೆ ಬೇರೆ ಟಿಕೆಟ್, ದುಬಾರಿಯೇ.

ಮೇಲೆ ತಿಳಿಯಾಗಿದ್ದರೆ ಹಲ್ಲುಹಳಿ ರೈಲಿನಲ್ಲಿ (ಹಳಿಯ ಹಲ್ಲು ಕಚ್ಚಿಕೊಂಡು ಬೆಟ್ಟ ಏರುವ ರೈಲು) ಹತ್ತಿ, ಇಳಿಯುವಾಗ ಕೇಬಲ್ ಕಾರಿನಲ್ಲಿ ಐಬ್‌ಸೇ ಕೆರೆಗೆ ಬನ್ನಿ. ಹತ್ತೇ ನಿಮಿಷ. ಅಪ್ಪನಿಗೆ ಬಿಪಿ ಅಂದಿದ್ದೀರಿ, ಅಷ್ಟು ಎತ್ತರಕ್ಕೆ ಹೋಗಬಹುದಾ ಅಂತ ಅವರ ಡಾಕ್ಟರನ್ನು ಮೊದಲೇ ಕೇಳಿ. ಜುಲೈ ಆದರೂ ಸ್ವೆಟರ್ ಬೇಕು. ಅಮ್ಮ ಮಂಕಿ ಕ್ಯಾಪ್ ತಂದಿದ್ದರೆ ನಗಬೇಡಿ.

ಮೋಡವಿದ್ದರೆ ಬೆಟ್ಟ ಬಿಡಿ. ಐಬ್‌ಸೇಗೆ ಬಸ್ಸಿದೆ, ದಡದಲ್ಲಿ ಕೂತು ಬುತ್ತಿ ಬಿಚ್ಚಬಹುದು. ಪಾರ್ಟ್ನಾಖ್ ಕಮರಿ ಇನ್ನೂ ಚಂದ, ಆದರೆ ದಾರಿಯೆಲ್ಲ ಒದ್ದೆ, ಬಂಡೆಯಿಂದ ನೀರು ತೊಟ್ಟಿಕ್ಕುತ್ತೆ. ಅಮ್ಮನಿಗೆ ಮಂಡಿ ನೋವಿದ್ದರೆ ಕೆರೆಯೇ ವಾಸಿ. ಬೆಟ್ಟ ಹತ್ತುವ ಮುಂಚೆ ಕೊನೆಯ ಕೇಬಲ್ ಕಾರ್ ಎಷ್ಟು ಗಂಟೆಗೆ ಅಂತ ಕೌಂಟರ್‌ನಲ್ಲೇ ಕೇಳಿಕೊಳ್ಳಿ.